ಬ್ಯಾಟರಿ ತಂತಿ ಬಿಚ್ಚಿದ್ದೆಯೋ ಇಲ್ಲವೋ, ಮೊದಲು ಅದನ್ನು ಹೇಳು

ನೋಡಪ್ಪಾ, ಈ ಪುಟ್ಟ ಅಕ್ಷರ ಒತ್ತುತ್ತಾ ಕೂರಲು ನನ್ನಿಂದ ಆಗದು, ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಅಂಬಾಸಡರ್‌ಗೆ ಇಂಜಿನ್ ಎಬ್ಬಿಸುವ ಮೋಟಾರು, ಹೊಸ ಸ್ಟಾರ್ಟರ್ ಕೂರಿಸಿದೆ, ಅದು ಗುಂಯ್ ಎಂದು ತನ್ನಷ್ಟಕ್ಕೆ ತಿರುಗುತ್ತದೆ, ಒಮ್ಮೊಮ್ಮೆ ಕರ್ರ್ ಎನ್ನುತ್ತದೆ, ಇಂಜಿನ್ ಮಾತ್ರ ಅಲುಗಾಡುವುದಿಲ್ಲ, ಭಾನುವಾರ ಮದುವೆಗೆ ಗಾಡಿ ಬೇಕು, ಇಂಜಿನ್ನಿನ ಹಿಂದಿನ ದೊಡ್ಡ ಚಕ್ರದ, ಅಂದರೆ ಫ್ಲೈವೀಲಿನ, ಹಲ್ಲು ಹೋಯಿತೇ ದೊಡ್ಡಪ್ಪಾ ಎಂದು ಕೇಳಿದ್ದೀಯ. ಹಲ್ಲಿನ ಮಾತು ಆಮೇಲೆ. ಕೈ ಹಾಕುವ ಮೊದಲು ಬ್ಯಾಟರಿಯಿಂದ ಗಾಡಿಯ ತಗಡಿಗೆ ಹೋಗುವ ಅರ್ತ್ ತಂತಿಯನ್ನು ಬಿಚ್ಚಿದ್ದೆಯೋ ಇಲ್ಲವೋ?

1983ರ ಮಳೆಗಾಲ. ಇದೇ ಗಾಡಿ, ಇದೇ ಕೊಟ್ಟಿಗೆ. ನಿನ್ನ ಅಜ್ಜ ಟಾರ್ಚು ಹಿಡಿದು ನಿಂತಿದ್ದರು, ಅಂದರೆ ನಾನು ಎಲ್ಲಿ ನೋಡಬೇಕೋ ಅಲ್ಲೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಬೆಳಕು ಬಿಡುತ್ತಿದ್ದರು. ಹನ್ನೆರಡು ವೋಲ್ಟ್ ತಾನೇ, ಏನು ಮಾಡೀತು ಎಂದು ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚು ಸೊಲೆನಾಯ್ಡಿನ ದಪ್ಪ ತಂತಿಯ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಕೈಯಲ್ಲಿ ಮಾವ ಮದುವೆಗೆ ಕೊಟ್ಟ ಎಚ್‌ಎಂಟಿ ಗಡಿಯಾರ, ಸ್ಟೀಲಿನ ಪಟ್ಟಿ. ಪಟ್ಟಿಯ ಒಂದು ಅಂಚು ಸ್ಪ್ಯಾನರಿಗೆ, ಇನ್ನೊಂದು ಅಂಚು ಗಾಡಿಯ ತಗಡಿಗೆ ತಾಗಿತು. ಚಟ್ ಎಂದದ್ದಷ್ಟೇ ಕೇಳಿಸಿತು. ಹನ್ನೆರಡು ವೋಲ್ಟ್ ಹೊಡೆಯುವುದಿಲ್ಲಪ್ಪಾ, ಸುಡುತ್ತದೆ. ಪಟ್ಟಿ ಕೆಂಪಗೆ ಕಾದು ಮಣಿಕಟ್ಟಿಗೆ ಅಂಟಿತು. ಕೊಂಡಿ ಬಿಚ್ಚಲು ಹೋದ ಬೆರಳೂ ಬೆಂದವು. ಆ ಸುಟ್ಟ ಗುರುತು ಈಗಲೂ ಇದೆ, ಬಂದಾಗ ತೋರಿಸುತ್ತೇನೆ. ಅದಕ್ಕೇ ಇನ್ನೊಮ್ಮೆ ಹೇಳುತ್ತಿದ್ದೇನೆ: ಮೊದಲು ಅರ್ತ್ ತಂತಿ ಬಿಚ್ಚು, ಗಡಿಯಾರ, ಉಂಗುರ ತೆಗೆದಿಡು, ಆಮೇಲೆ ಸ್ಪ್ಯಾನರ್ ಮುಟ್ಟು.

ಕೊಟ್ಟ ಗಡಿಯಾರವನ್ನೂ ಉಳಿಸಿಕೊಳ್ಳಲಿಲ್ಲ ಎಂದು ಅತ್ತೆ ಸಾಯುವವರೆಗೂ ಆಡಿಕೊಂಡರು. ಹಾಗೆ ಕೈ ಸುಟ್ಟುಕೊಂಡು ನೋಡಿಕೊಂಡ ಗಾಡಿ ಅದು. ಪಾಲಿನ ದಿನ ಏನಾಯಿತು? ಕಾಫಿ ಲೋಟ ಕೆಳಗಿಡುವುದರೊಳಗೆ ನಿಮ್ಮಪ್ಪ ಅಂಗಳದಿಂದ ಗಾಡಿ ಹೊರಡಿಸಿದ್ದ. ಅಣ್ಣಾ, ನಿನಗೆ ಬೇಕೇ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ನೀನೇ ಇಟ್ಟುಕೋ ಎನ್ನುತ್ತಿದ್ದೆ, ಅದು ಬೇರೆ. ಈ ಗುಂಪಿನಲ್ಲಿ ಅವನೂ ಇದ್ದಾನೆ, ಕೇಳಿಸಿಕೊಳ್ಳಲಿ.

ಹಾಂ, ಸ್ಟಾರ್ಟರ್. ಪಿನಿಯನ್ನಿಗೆ, ಅಂದರೆ ಸ್ಟಾರ್ಟರಿನ ತುದಿಯ ಪುಟ್ಟ ಹಲ್ಲಿನ ಚಕ್ರಕ್ಕೆ, ಚೆನ್ನಾಗಿ ಗ್ರೀಸ್ ಹಚ್ಚಿದ್ದೇನೆ ಎಂದು ಬರೆದಿದ್ದೀಯಲ್ಲ, ಅಲ್ಲೇ ಕೆಟ್ಟಿತು. ಆ ಹಳೆಯ ಮಾದರಿಯಲ್ಲಿ ಮೋಟಾರು ತಿರುಗಿದ ರಭಸಕ್ಕೇ ಪಿನಿಯನ್ ಸುರುಳಿಯ ಮೇಲೆ ಜಾರಿ ಫ್ಲೈವೀಲಿನ ಹಲ್ಲಿಗೆ ಕೂರಬೇಕು. ಗ್ರೀಸಿಗೆ ಕ್ಲಚ್ಚಿನ ಧೂಳು ಮೆತ್ತಿದರೆ ಅದು ಜಾರುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿಯೇ ಹಾಕು. ಹಳೆಯದರ ಮತ್ತು ಹೊಸದರ ಪಿನಿಯನ್ ಹಲ್ಲುಗಳನ್ನು ಎಣಿಸಿ ನೋಡು, ಒಂದು ಹೆಚ್ಚುಕಡಿಮೆಯಾದರೂ ಅಂಗಡಿಗೆ ವಾಪಸು. ಮೋಟಾರು ಕೂರುವ ಮುಖಕ್ಕೆ ಬಣ್ಣವೋ ಜಿಡ್ಡೋ ಇದ್ದರೆ ಕೆರೆದು ತೆಗೆ. ಇಲ್ಲದಿದ್ದರೆ ಮೋಟಾರು ಓರೆಯಾಗಿ ಕೂರುತ್ತದೆ, ಅರ್ತೂ ಸರಿಯಾಗಿ ಸಿಗುವುದಿಲ್ಲ. ಎರಡೂ ಬೋಲ್ಟುಗಳನ್ನು ಮೊದಲು ಕೈಯಲ್ಲೇ ಹಿಡಿಸಿ, ಆಮೇಲೆ ಅದಕ್ಕಿಷ್ಟು ಇದಕ್ಕಿಷ್ಟು ಬಿಗಿ ಮಾಡು.

ಹಲ್ಲಿನ ವಿಚಾರ. ನಾಲ್ಕು ಸಿಲಿಂಡರಿನ ಇಂಜಿನ್ ಆರಿಸಿದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಹಲ್ಲು ಸವೆಯುವುದೂ ಅಲ್ಲೇ. ಗೇರು ನ್ಯೂಟ್ರಲ್‌ನಲ್ಲಿಟ್ಟು, ಕೀ ತೆಗೆದು, ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನ್ನನ್ನು ಕಾಲು ಸುತ್ತು ತಿರುಗಿಸು. ಹ್ಯಾಂಡಲ್ ತೆಗೆದ ಮೇಲೆ ಸ್ಟಾರ್ಟ್ ಮಾಡು. ಆಗ ಹಿಡಿದರೆ ಫ್ಲೈವೀಲಿನ ಹಲ್ಲಿನ ರಿಂಗ್ ಸವೆದಿದೆ ಎಂದರ್ಥ. ಮದುವೆ ಮುಗಿಸಿ ಇಂಜಿನ್ ಬಿಚ್ಚಿಸಬಹುದು.

ಹ್ಯಾಂಡಲ್ ಡಿಕ್ಕಿಯಲ್ಲಿ ಹುಡುಕಬೇಡ, ಸಿಗುವುದಿಲ್ಲ. ಅದು ನಮ್ಮ ಅಟ್ಟದ ಮೇಲಿದೆ. ಪಾಲಿನ ದಿನ ನಾನು ತೆಗೆದಿಟ್ಟುಕೊಂಡದ್ದು ಅದೊಂದನ್ನೇ. ಒಯ್ಯಲು ನೀನು ಬರಬೇಡ, ನಿಮ್ಮಪ್ಪನನ್ನು ಕಳುಹಿಸು.