ಪದಚರ್ಚೆ: ‘ಭಾರೀ ಒತ್ತಡ’ವೋ ‘ಅತ್ಯಧಿಕ ಒತ್ತಡ’ವೋ?

ನಮಸ್ಕಾರ. ಲಡಾಖಿನ ತ್ಸೊ ಮೊರಿರಿ ಸರೋವರದ ಆಸುಪಾಸಿನ ಕಲ್ಲುಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅಲ್ಟ್ರಾಹೈ ಪ್ರೆಶರ್ ಮೆಟಮಾರ್ಫಿಕ್ ರಾಕ್ಸ್’ ಎಂಬುದಕ್ಕೆ ‘ಖಂಡಗಳ ಘರ್ಷಣೆಯಿಂದ ಉಂಟಾದ ಭಾರೀ ಒತ್ತಡದ ರೂಪಾಂತರ ಶಿಲೆಗಳು’ ಎಂದು ಬರೆದಿದ್ದೇನೆ. ಸರಿಯೇ? ಒಂದು ಹರಳಿನೊಳಗೆ ಸಿಕ್ಕಿಕೊಂಡ ಬೇರೆ ಖನಿಜದ ಕಣ, ಅಂದರೆ ‘ಇನ್‌ಕ್ಲೂಷನ್’ಗೆ ಏನು ಬಳಸಲಿ?

ಉತ್ತರ:

‘ರೂಪಾಂತರ ಶಿಲೆ’ ಪಠ್ಯಪುಸ್ತಕಗಳಲ್ಲಿ ಬೇರೂರಿದ ಮಾತು, ಹಾಗೇ ಇರಲಿ. ‘ಭಾರೀ’ ಮಾತ್ರ ಬೇಡ. ಇಲ್ಲಿ ‘ಅಲ್ಟ್ರಾ’ ಬರೀ ಒತ್ತಿ ಹೇಳುವ ಮಾತಲ್ಲ, ಅದೊಂದು ಗೆರೆ. ಬೆಣಚಿನ (ಕ್ವಾರ್ಟ್ಸ್) ರಾಸಾಯನಿಕ ಸೂತ್ರವೇ ಇದ್ದು ಹರಳಿನ ಕಟ್ಟಣೆ ಮಾತ್ರ ಬೇರೆಯಾದ ಕೋಸೈಟ್ ಎಂಬ ಖನಿಜ ಹುಟ್ಟುವಷ್ಟು ಒತ್ತಡ ಬಿದ್ದಿದ್ದರೆ ಮಾತ್ರ ಆ ಹೆಸರು. ಅದು ಸುಮಾರು 27–28 ಕಿಲೋಬಾರ್ (ಒಂದು ಕಿಲೋಬಾರ್ ಎಂದರೆ ನೆಲಮಟ್ಟದ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು). ತಲೆಯ ಮೇಲೆ 90–100 ಕಿ.ಮೀ. ಕಲ್ಲು ಹೇರಿದ ಲೆಕ್ಕ. ಇದಕ್ಕಿಂತ ಕೆಳಗಿನ ಮೆಟ್ಟಿಲು ‘ಹೈ ಪ್ರೆಶರ್’. ಹಾಗಾಗಿ ಅದಕ್ಕೆ ‘ಅಧಿಕ ಒತ್ತಡ’, ಇದಕ್ಕೆ ‘ಅತ್ಯಧಿಕ ಒತ್ತಡ’ ಎಂದು ಜೋಡಿಯಾಗಿ ಇಟ್ಟುಕೊಳ್ಳಿ. ‘ಒತ್ತಡ’ ಎಂಬ ಪದವನ್ನು ಎಲ್ಲೂ ಬಿಡಬೇಡಿ: 900 ಡಿಗ್ರಿ ಸೆಲ್ಸಿಯಸ್ ದಾಟಿದ ‘ಅತ್ಯಧಿಕ ತಾಪ’ದ ಶಿಲೆಗಳ ಗುಂಪೇ ಬೇರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಕೂಡ ಕಾವು ಕಂಡ ಕಲ್ಲೇ, ಕೋಸೈಟ್ ಆಳದ್ದಲ್ಲ.

‘ಘರ್ಷಣೆ’ ಪತ್ರಿಕೆಗೆ ಸರಿ. ಆದರೆ ಶಾಲೆಯ ವಿಜ್ಞಾನದಲ್ಲಿ ಅದು ಉಜ್ಜಾಟ, ಫ್ರಿಕ್ಷನ್. ಇಲ್ಲಿ ‘ಡಿಕ್ಕಿ ವಲಯ’ ಎಂದರೆ ಗೊಂದಲವಿಲ್ಲ. ಅದಕ್ಕಿಂತ ದೊಡ್ಡ ತೊಡಕು ‘-ಇಂದ ಉಂಟಾದ’ ಎಂಬುದರಲ್ಲಿದೆ. ಡಿಕ್ಕಿಯ ಹೊಡೆತಕ್ಕೇ ಕಲ್ಲು ಬದಲಾಯಿತು ಎಂದು ಓದುಗ ತಿಳಿಯುತ್ತಾನೆ. ನಿಜಕ್ಕೆ, ಮುಂದೆ ಮುಳುಗುತ್ತಿದ್ದ ಸಾಗರತಳದ ಫಲಕ ಭಾರತ ಖಂಡದ ಅಂಚನ್ನೂ ಕೆಳಗೆಳೆಯಿತು. ಮೇಲೆ ಕೂತ ಕಲ್ಲಿನ ಭಾರವೇ ಆ ಒತ್ತಡ. ತ್ಸೊ ಮೊರಿರಿಯಲ್ಲಿ ಇದು ನಡೆದು ಸುಮಾರು 5 ಕೋಟಿ ವರ್ಷ. ಆಮೇಲೆ ಆ ತುಣುಕು ಬಿಡಿಸಿಕೊಂಡು ಮೇಲೆದ್ದಿತು. ‘ಡಿಕ್ಕಿ ವಲಯಗಳಲ್ಲಿ ಸಿಗುವ’ ಎಂದರೆ ತಪ್ಪಾಗದು.

‘ಇನ್‌ಕ್ಲೂಷನ್’ಗೆ ನನ್ನ ಆಯ್ಕೆ ‘ಒಳಸೆರೆ’. ಅಲ್ಲಿ ಆಗುವುದೂ ಸೆರೆಯೇ. ಕಲ್ಲು ಮೇಲೇಳುವಾಗ ಬೇರೆ ಹರಳಿನ ಆಸರೆಯಿಲ್ಲದ ಕೋಸೈಟ್ ಬಹುತೇಕ ಎಲ್ಲ ಮರಳಿ ಬೆಣಚಾಗುತ್ತದೆ. ಸಾಮಾನ್ಯವಾಗಿ ಗಾರ್ನೆಟ್ ಅಥವಾ ಜಿರ್ಕಾನ್‌ನಂಥ ಗಟ್ಟಿ ಹರಳಿನೊಳಗೆ ಸಿಕ್ಕಿಬಿದ್ದದ್ದು ಮಾತ್ರ ಉಳಿಯುತ್ತದೆ, ಅದೂ ಹಲವು ಸಲ ಅರೆಬರೆ. ಕೋಸೈಟಿನ ಸಾಂದ್ರತೆ ಘನ ಸೆಂ.ಮೀ.ಗೆ 2.92 ಗ್ರಾಂ, ಬೆಣಚಿನದು 2.65, ಬದಲಾದಾಗ ಗಾತ್ರ ಶೇ. 10ರಷ್ಟು ಉಬ್ಬಿ ಗಾರ್ನೆಟ್ಟನ್ನೇ ಸೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲಿನಿಂದ ತೆಗೆದ ತೆಳು ಹಲ್ಲೆಯಲ್ಲಿ, ಅಂದರೆ ತೆಳುಛೇದದಲ್ಲಿ, ಕಣದ ಸುತ್ತ ಸೈಕಲ್ ಚಕ್ರದ ಕಡ್ಡಿಗಳಂತೆ ಬಿರುಕು ಕಾಣುತ್ತದೆ. ಇದಕ್ಕೆ ‘ಕಿರಣಬಿರುಕು’ ಎನ್ನಬಹುದು.

ಮತ್ತೊಬ್ಬರು:

‘ಒಳಸೆರೆ’ಗೆ ನನ್ನದೂ ಮತ. ಕಿರಣಬಿರುಕನ್ನು ‘ಪುರಾವೆ’ ಎಂದು ಮಾತ್ರ ಬರೆಯಬೇಡಿ, ‘ಸುಳಿವು’ ಎನ್ನಿ. ಖಚಿತಪಡಿಸುವುದು ರಾಮನ್ ರೋಹಿತ, ಅಂದರೆ ಲೇಸರ್ ಬೆಳಕು ಬಿಟ್ಟು ಅದು ಚದುರಿದ ಬಗೆಯಿಂದ ಖನಿಜ ಗುರುತಿಸುವ ಪರೀಕ್ಷೆ. ಅದರಲ್ಲಿ 521 cm⁻¹ ಗೆರೆ ಕಂಡರೆ ಕೋಸೈಟ್. 464ರದ್ದೊಂದೇ ಇದ್ದರೆ ಬೆಣಚು. ‘ಕೋಸೈಟ್’ ಅನುವಾದಿಸಬೇಡಿ. 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಮಾಡಿದ ಲೋರಿಂಗ್ ಕೋಸ್ ಅವರ ಹೆಸರು ಅದು.