ಪ್ರಶ್ನೋತ್ತರ: ಮಂಗಳೂರು ಇರುವಾಗ ಕಂಟೇನರ್ ಚೆನ್ನೈಗೆ ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಯಂತ್ರದ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿ. ಆಗಾಗ ಜರ್ಮನಿಗೆ ಕಂಟೇನರ್ ಕಳಿಸುತ್ತೇವೆ. ಯಾರನ್ನು ಕೇಳಿದರೂ ಚೆನ್ನೈ ಅಂತಾರೆ. ಮಂಗಳೂರೂ ಅಷ್ಟೇ ದೂರ, ಹೆಚ್ಚುಕಮ್ಮಿ 350 ಕಿಲೋಮೀಟರ್. ಯುರೋಪ್ ಇರುವುದು ಪಶ್ಚಿಮಕ್ಕೆ, ಸುಮ್ನೆ ಶ್ರೀಲಂಕಾ ಸುತ್ತಿಸೋದು ಯಾಕೆ ಸರ್?

ಉತ್ತರ (ಫ್ರೈಟ್ ಫಾರ್ವರ್ಡರ್, ಅಂದರೆ ಸರಕು ಸಾಗಣೆಯ ವ್ಯವಸ್ಥೆ ಮಾಡಿಕೊಡುವವರು): ಮ್ಯಾಪ್ ನೋಡಿದರೆ ನೀವು ಹೇಳೋದು ಸರಿ. ಆದರೆ ಹಡಗು ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ನಮ್ಮ ಸರಕು ಹೋಗಬೇಕು, ಅದನ್ನು ತೀರ್ಮಾನಿಸುವುದು ಹಡಗು ಕಂಪನಿ. ದೊಡ್ಡ ಹಡಗು ಒಂದು ಬಂದರಿಗೆ ಹೊಕ್ಕರೆ ಪೈಲಟ್ (ಬಂದರಿನೊಳಗೆ ಹಡಗಿಗೆ ದಾರಿ ತೋರಿಸುವವರು), ಟಗ್ (ಹಡಗನ್ನು ಎಳೆದು ತಳ್ಳುವ ದೋಣಿ), ಬಂದರು ಶುಲ್ಕ, ಆ ದಿನದ ಹಡಗಿನ ಬಾಡಿಗೆ ಎಲ್ಲ ಬೀಳುತ್ತದೆ. ನೂರಿನ್ನೂರು ಬಾಕ್ಸಿಗೆ (ಕಂಟೇನರ್‌ಗೆ ನಾವು ಹಾಗನ್ನೋದು) ಅದು ಗಿಟ್ಟಲ್ಲ. ಹಾಗಾಗಿ ಮಂಗಳೂರಿನ ಬಾಕ್ಸುಗಳು ಸಾಮಾನ್ಯವಾಗಿ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುತ್ತವೆ. ಅಂದರೆ ನೀವು ತಪ್ಪಿಸಬೇಕು ಅಂದುಕೊಂಡ ಶ್ರೀಲಂಕಾ ಅಲ್ಲೂ ತಪ್ಪಲ್ಲ! (ಚೆನ್ನೈನಿಂದಲೂ ಕೆಲವು ಹಾಗೇ ಹೋಗುತ್ತವೆ, ಆದರೆ ಅಲ್ಲಿ ಹಡಗು ಜಾಸ್ತಿ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.)

ಇನ್ನು ಖಾಲಿ ಬಾಕ್ಸ್. ಅಸಲಿ ಲೆಕ್ಕ ಇಲ್ಲೇ ಇರೋದು. ಬೆಂಗಳೂರಿಗೆ ಎಲೆಕ್ಟ್ರಾನಿಕ್ಸ್, ಯಂತ್ರಗಳು ಚೆನ್ನೈ ಮೂಲಕ ರೈಲಿನಲ್ಲಿ ವೈಟ್‌ಫೀಲ್ಡ್ ಡಿಪೋಗೆ ಬಂದು ಇಳಿಯುತ್ತವೆ. ಖಾಲಿಯಾದ ಅದೇ ಬಾಕ್ಸನ್ನು ನಿಮಗೆ ಕೊಡುತ್ತಾರೆ, ಕಸ್ಟಮ್ಸ್ ಕೆಲಸವೂ ಅಲ್ಲೇ ಮುಗಿಯುತ್ತದೆ. ಮಂಗಳೂರಿಗೆ ಬರುವುದರಲ್ಲಿ ಹೆಚ್ಚಿನದು ಕಚ್ಚಾ ತೈಲ, ಕಲ್ಲಿದ್ದಲು, ಗ್ಯಾಸ್. ಅವು ಬಾಕ್ಸಿನಲ್ಲಿ ಬರಲ್ಲವಲ್ಲ! ಕಚ್ಚಾ ಗೋಡಂಬಿಯಂಥದ್ದು ಬರುತ್ತದೆ, ಸಾಲದಾದಾಗ ಹೊರಗಿನಿಂದ ಖಾಲಿ ಬಾಕ್ಸ್ ತರಿಸಬೇಕು. ಆ ಖರ್ಚು ಕೊನೆಗೆ ನಿಮ್ಮ ಬಿಲ್ಲಿಗೇ.

ಮೂರನೆಯದು ಘಾಟಿ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ 50 ಅಡಿಗೆ 1 ಅಡಿ ಇಳಿಜಾರು, ಭಾರದ ಗೂಡ್ಸ್‌ಗೆ ಹೆಚ್ಚುವರಿ ಎಂಜಿನ್ ಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ನಿಮ್ಮ ಲಾರಿ ಅಲ್ಲೇ, ಹಡಗಿನ ಕಟ್-ಆಫ್ (ಬಾಕ್ಸ್ ಬಂದರು ಸೇರಬೇಕಾದ ಕೊನೆಯ ಗಡುವು) ಹೋಯ್ತು.

ಪ್ರಶ್ನೆ (ಸಕಲೇಶಪುರದ ಇನ್ನೊಬ್ಬರು): ಹಾಗಾದ್ರೆ ನಮ್ಮ ಸಕಲೇಶಪುರದ ಕಾಫಿ ಮಂಗಳೂರಿಂದಲೇ ಹೋಗುತ್ತಲ್ಲಾ ಅಣ್ಣ?

ಉತ್ತರ: ನೀವು ಬಂದರಿನ ಪಕ್ಕದಲ್ಲೇ ಇದ್ದೀರಿ. ಲಾರಿ ಬಾಡಿಗೆಯಲ್ಲಿ ಉಳಿಯುವುದು ಫೀಡರ್ ಖರ್ಚನ್ನು ಸರಿದೂಗಿಸುತ್ತದೆ. ಪೀಣ್ಯದವರಿಗೆ ಆ ಉಳಿತಾಯ ಇಲ್ಲ. ಆದರೂ ಪೀಣ್ಯದ ಸರ್, ನೀವು ಎರಡೂ ಕಡೆಯ ರೇಟು ಕೇಳಿ, ಬರೀ ಸಮುದ್ರದ ಬಾಡಿಗೆಯಲ್ಲ, ಫ್ಯಾಕ್ಟರಿ ಗೇಟಿನಿಂದ ಹ್ಯಾಂಬರ್ಗ್‌ವರೆಗಿನದು. ಜೊತೆಗೆ ಮುಂದಿನ ಎರಡು ಹಡಗುಗಳ ಕಟ್-ಆಫ್ ತಾರೀಖನ್ನೂ ಬರೆಸಿಕೊಳ್ಳಿ.