ಅಪ್‌ಡೇಟ್: 15 ಮೈಲಿಗೆ ನಿಂತುಹೋಗುತ್ತಿದ್ದ 1971ರ ಎಂಜಿಬಿ

ಇಂಗ್ಲೆಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನು ದುರಸ್ತಿ ಮಾಡುತ್ತಿರುವ 1971ರ ಎಂಜಿಬಿ ಕಾರು 15 ಮೈಲಿ ಓಡಿದ ಮೇಲೆ ಉಸಿರು ಕಟ್ಟಿದಂತೆ ನಿಂತು, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ, ಕಾರಣವೇನಿರಬಹುದು ಎಂದು ಕೇಳಿದ್ದೆ. ಎಂಜಿನ್ನಿನ ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಕೈಕೊಡುತ್ತಿರಬಹುದೆಂದು ಕೆಲವರೂ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ವಿದ್ಯುತ್ ಪಂಪಿನ ಪಾಯಿಂಟ್‌ಗಳು (ಕೂಡಿ ಬಿಡುವ ವಿದ್ಯುತ್ ಸಂಪರ್ಕಗಳು) ಸವೆದಿರಬಹುದೆಂದು ಹೆಚ್ಚಿನವರೂ ಹೇಳಿದ್ದಿರಿ.

ಕಾಯಿಲ್ ಬದಲಾಯಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಕಾರಿನ ಹಿಂಬದಿಯಲ್ಲಿರುವ, ಎಸ್‌ಯು ಕಂಪನಿಯ ಆ ಪಂಪನ್ನು ಬಿಚ್ಚಿದಾಗ ಪಾಯಿಂಟ್‌ಗಳು ನಿಜಕ್ಕೂ ಕಪ್ಪಗಾಗಿದ್ದವು. ನಯವಾದ ಉಜ್ಜುಕಾಗದದಿಂದ ತಿಕ್ಕಿ ಕೂರಿಸಿದ ಮೇಲೆ ಅದರ ಟಿಕ್‌ಟಿಕ್ ಸದ್ದು ಚುರುಕಾಯಿತಾದರೂ ಕಾರು ಅಷ್ಟೇ ದೂರಕ್ಕೆ ನಿಂತಿತು.

ಆ ಸಲ ಕಾಯದೆ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ‘ಸುಯ್’ ಎಂದು ಗಾಳಿ ಒಳನುಗ್ಗಿತು. ಕೀಲಿ ತಿರುಗಿಸಿದೊಡನೆ ಪಂಪು ಟಕಟಕನೆ ಬಡಿದು ಎರಡೂ ಕಾರ್ಬ್ಯುರೇಟರ್‌ಗಳನ್ನು ತುಂಬಿಸಿ ಸುಮ್ಮನಾಯಿತು, ಎಂಜಿನ್ ಮೊದಲ ಯತ್ನಕ್ಕೇ ಶುರುವಾಯಿತು. ಈ ಕಾರಿನ ಟ್ಯಾಂಕಿಗೆ ಗಾಳಿ ಹೋಗಬೇಕಾದದ್ದು ಮುಚ್ಚಳದ ಮೂಲಕ. ಹಿಂದಿನ ಮಾಲೀಕರು (ಬಹುಶಃ ಕಳ್ಳರ ಭಯಕ್ಕೆ) ಹಾಕಿಸಿದ್ದ ಬೀಗದ ಮುಚ್ಚಳದಲ್ಲಿ ಅದಕ್ಕೆ ರಂಧ್ರವೇ ಇರಲಿಲ್ಲ. ಪೆಟ್ರೋಲ್ ಇಳಿದಂತೆಲ್ಲ ಒಳಗೆ ನಿರ್ವಾತ ಬೆಳೆದು ಪಂಪಿನ ಶಕ್ತಿಯನ್ನು ಮೀರುತ್ತಿತ್ತು, ಸಂದಿಯಲ್ಲಿ ನಿಧಾನವಾಗಿ ಗಾಳಿ ನುಸುಳಿದ ಮೇಲೆ ಸರಿಹೋಗುತ್ತಿತ್ತು. ರಂಧ್ರವಿರುವ ಮುಚ್ಚಳ ಹಾಕಿ 40 ಮೈಲಿ ತಡೆಯಿಲ್ಲದೆ ಓಡಿಸಿದ್ದೇನೆ; ಕಾಯಿಲ್‌ಗೆ ಕೊಟ್ಟ ಹಣ ಮಾತ್ರ ದಂಡವಾಯಿತು.

ಇನ್ನುಳಿದಿರುವುದು ಬಾಗಿಲ ಕೆಳಗಿನ ಸಿಲ್‌ಗಳ ತುಕ್ಕು. ಎಂಜಿಬಿಗೆ ಪ್ರತ್ಯೇಕ ಚಾಸಿ (ಅಡಿಚೌಕಟ್ಟು) ಇಲ್ಲದೆ ಸಿಲ್‌ಗಳೇ ಭಾರ ಹೊರುವುದರಿಂದ, ಕಾರಿನ ಒಡಲು ಬಾಗದಂತೆ ಬಾಗಿಲ ಚೌಕಟ್ಟಿಗೆ ಅಡ್ಡಕಂಬಿ ಬಿಗಿದ ನಂತರವೇ ಅವನ್ನು ಕತ್ತರಿಸಲಿದ್ದೇನೆ.